ನನ್ನ ಡ್ರಾಯರಿನಲ್ಲಿದ್ದ ಹನ್ನೊಂದು ಹರಗೋಲುಗಳು

ನಾನು ನಿವೃತ್ತಳಾಗಿ ಬಿಟ್ಟುಬಂದ ಸರ್ಕಾರಿ ಕಚೇರಿಯ ಶಾಖೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಶಹಾಪುರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ನು. "ಮೇಡಂ, ಪುನರ್ವಸತಿ ಅನುದಾನದ ಫೈಲು ಹ್ಯಾಂಗ ನೋಡಬೇಕು, ಜರಾ ಹೇಳಿಕೊಡ್ರಿ. ನಿಮ್ಮಷ್ಟು ಚೊಲೋ ಟಿಪ್ಪಣಿ ಬರಿಯೋರು ಜಿಲ್ಲಾದಾಗ ಯಾರೂ ಇದ್ದಿಲ್ಲಂತ" ಎಂದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಅವಳ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದೆ. ಅರ್ಜಿಯಲ್ಲಿ ಏನು ನೋಡಬೇಕು, ಹಣ ಬಳಕೆಯ ಪ್ರಮಾಣಪತ್ರ ಯಾವಾಗ ಕೇಳಬೇಕು, ಮಾರ್ಚ್ ಬಂದಾಗ ತಲೆ ಹೇಗೆ ತಣ್ಣಗಿಟ್ಟುಕೊಳ್ಳಬೇಕು, ಎಲ್ಲ ಹೇಳಿದೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಆ ಹರಗೋಲು ಮಾದರಿ ನಿಮ್ಮದಽ ಅಂತಲ್ರಿ ಮೇಡಂ? ನಮಗ ಟ್ರೇನಿಂಗಿನ್ಯಾಗ ಹೇಳಿದ್ರು."

ನಾನು ತಲೆಯಾಡಿಸಿದೆ. ಹೌದು ಎನ್ನುವ ಹಾಗೆ.

ಅವಳು ಹೋದ ಮೇಲೆ ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತ ನಿಂತೆ. ಇಷ್ಟು ವರ್ಷದ ಮೇಲೂ ಆ ತಲೆ ತಾನಾಗಿಯೇ ಆಡಿತಲ್ಲ! ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದೆಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಆ ಪುಸ್ತಕದಲ್ಲಿ ಇಲ್ಲದ್ದು ನನ್ನ ಹೊಟ್ಟೆಕಿಚ್ಚು. ನನ್ನ ಕೆಲಸದಲ್ಲಿ ಅತಿ ಹೆಚ್ಚು ದುಡಿದದ್ದೂ ಅದೇ, ಕೆಡಿಸಿದ್ದೂ ಅದೇ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಅಣೆಕಟ್ಟೆಯ ಗೇಟು ತೆಗೆದಾಗ ಕೃಷ್ಣೆಯ ನೀರು ನುಗ್ಗುವ ಊರುಗಳನ್ನು ಸರ್ಕಾರ ಎತ್ತರದ ಜಾಗಕ್ಕೆ ಸಾಗಿಸುತ್ತದೆ, ಮನೆ ಕಟ್ಟಿಕೊಡುತ್ತದೆ. ಮನೆ ಕಟ್ಟಿದ ಮಾತ್ರಕ್ಕೆ ಊರಾಗುವುದಿಲ್ಲ. ಮಕ್ಕಳನ್ನು ಹೊಸ ಶಾಲೆಗೆ ಹಚ್ಚಬೇಕು, ರೇಷನ್ ಕಾರ್ಡು ವರ್ಗ ಮಾಡಿಸಬೇಕು, ಬಾಣಂತಿಗೆ ಆಸ್ಪತ್ರೆ ತೋರಿಸಬೇಕು, ಊರು ಬಿಡಲು ಒಲ್ಲದ ಮುದುಕರ ಹತ್ತಿರ ಕೂತು ಮಾತಾಡಬೇಕು. ಇದನ್ನೆಲ್ಲ ಮಾಡುವ ಸ್ವಯಂಸೇವಾ ಸಂಸ್ಥೆಗಳಿಗೆ ಸರ್ಕಾರದ ಅನುದಾನ ಕಂತಿನಲ್ಲಿ ಹೋಗುತ್ತಿತ್ತು. ಅವರ ಅರ್ಜಿ ನೋಡುವುದು, ಜಾಗಕ್ಕೆ ಹೋಗಿ ಪರೀಕ್ಷಿಸುವುದು, ಮುಂದಿನ ಕಂತು ಬಿಡಬಹುದೋ ಬೇಡವೋ ಎಂದು ಟಿಪ್ಪಣಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರಗಳು ಮುತ್ತಿನಂತಿದ್ದವು. ಶಹಾಪುರದ ಬಜಾರಿನಲ್ಲಿ ಅಪ್ಪನ ಅಂಗಡಿಯ ಬೋರ್ಡನ್ನು ಹತ್ತನೇ ಇಯತ್ತೆಯಲ್ಲಿದ್ದಾಗ ಬರೆದವಳು ನಾನೇ. ಹೀಗಾಗಿ ಸೊಕ್ಕು ಮೊದಲಿನಿಂದಲೂ ಇತ್ತು.

ಯಾದಗಿರಿ ಆಗಷ್ಟೇ ಜಿಲ್ಲೆಯಾಗಿತ್ತು. ದೊಡ್ಡ ನೆರೆ ಬಂದು ಹೋದ ಮೇಲೆ ಸುರಪುರ ತಾಲೂಕಿನ ಒಂದು ಹೊಳೆದಂಡೆಯ ಊರಿಗೆ ಸಮೀಕ್ಷೆಗೆಂದು ಹೋದೆ. ಕಕ್ಕೇರಾ ದಾಟಿ ಇನ್ನೂ ಒಳಗೆ ಇರುವ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಓದಿದರೆ ಅವರಿಗೇ ತಿಳಿಯುತ್ತದೆ. ಐವತ್ತನಾಲ್ಕು ಮನೆ. ಮೀನು ಹಿಡಿಯುವವರು, ತುಂಡು ಹೊಲ ಇರುವವರು, ಕಡೇಚೂರು ಕಡೆ ಕೂಲಿಗೆ ಹೋಗಿ ಬರುವವರು. ಮನೆಮನೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಳ್ಳುತ್ತ ಬಂದೆ. ಒಂದು ಗುಡಿಸಲ ಮುಂದೆ ಮೂವತ್ತರ ಆಸುಪಾಸಿನ ಹೆಂಗಸು ಬಲೆ ಹೆಣೆಯುತ್ತ ಕೂತಿದ್ದಳು. ಅವಳೇ ಅಂಬವ್ವ.

"ಮನಿಯಾಗ ಯಾರ್ಯಾರು?" ಎಂದೆ.

"ನಾನು, ನಮ್ಮತ್ತಿ, ಗಂಗಿ. ಗಂಡ ಹೋಗಿ ಎಡ್ಡು ವರ್ಷಾತ್ರಿ."

"ಗಂಗಿಗಿ ವಯಸ್ಸೆಷ್ಟು?"

"ಏಳು ತುಂಬ್ಯಾವ್ರಿ."

"ಸಾಲಿಗಿ ಹಚ್ಚೀಯೇನು?"

"ಎಲ್ಲಿ ಸಾಲಿ ಬಾಯಾರ! ಮುಂಜಾನೆದ್ದು ಹೊಳಿಗಿ ಹೋದ್ರ ಸಂಜಿಗೇ ಮನಿ."

ಪಾಪ, ಶಾಲೆ ಬಿಟ್ಟ ಕೂಸು ಎಂದುಕೊಂಡೆ. ನೀಟಾಗಿ ಬರೆದೆ: ಗಂಗಿ, ಹೆಣ್ಣು, ಏಳು ವರ್ಷ, ಶಾಲೆಯಿಂದ ಹೊರಗುಳಿದ ಮಗು. ಎರಡು ತಿಂಗಳಲ್ಲಿ ಅವಳ ಹೆಸರಿಗೆ ನೀಲಿ ಬಣ್ಣದ ಸ್ಕೂಲ್ ಬ್ಯಾಗು, ಪಾಟಿ, ಪೆನ್ಸಿಲು ಮಂಜೂರಾಗಿ ಬಂದವು. ನಮ್ಮ ಮೇಲಧಿಕಾರಿ ಇನಾಮದಾರ ಸಾಹೇಬರೇ ಹಂಚಲು ಬಂದಿದ್ದರು. ಹೆಸರು ಕೂಗಿದಾಗ ಅಂಬವ್ವ ಒಬ್ಬಳೇ ಎದ್ದು ಬಂದಳು. "ಗಂಗಿ ಎಲ್ಲಿ?" ಎಂದರೆ ಹೊಳೆ ಕಡೆ ಕೈ ತೋರಿಸಿದಳು. ನೀರಲ್ಲಿ ಕೊಂಬು, ಮೂಗು ಮಾತ್ರ ಕಾಣುವ ಹಾಗೆ ಒಂದು ಎಮ್ಮೆ ಮಲಗಿತ್ತು.

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕಣ್ಣೊರೆಸಿಕೊಳ್ಳುತ್ತ, "ಸುಮಂಗಲಾಬಾಯಿ, ಇದನ್ನ ಕನ್ನಡ ಸಾಲಿಗಿ ಹಾಕೂಣೋ, ಉರ್ದು ಸಾಲಿಗೋ?" ಎಂದರು. ಅಂಬವ್ವ ನಗಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು, "ಕೊಟ್ಟೀರಿ, ಮತ್ತ ಕಸ್ಕೋಬ್ಯಾಡ್ರಿ ಬಾಯಾರ. ಮನಿಯಾಗ ಎಮ್ಮಿನೂ ಒಂದು ಜೀವಽ ಅಲ್ಲೇನು? ನೀವು ಯಾರ್ಯಾರು ಅಂತ ಕೇಳಿದ್ರಿ, ನಾ ಹೇಳಿದೆ" ಎಂದಳು. ಸಾಹೇಬರು ಅವಳ ಕಡೆ ತಿರುಗಿ, "ಖರೆ ಮಾತು ಹೇಳಿದಿ ನೋಡವ್ವ" ಎಂದು ತಲೆದೂಗಿದರು. ಅಷ್ಟೂ ದಿನ ಬಿಸಿಲಲ್ಲಿ ಸುತ್ತಿ ಐವತ್ತನಾಲ್ಕು ಮನೆಯ ವಿವರ ಬರೆದವಳು ನಾನು. ಸಾಹೇಬರ ಮೆಚ್ಚುಗೆ ಹೋದದ್ದು ಎಮ್ಮೆಯವಳಿಗೆ. ಅಲ್ಲಿಂದ ಶುರುವಾಯಿತು.

ಮುಂದಿನ ವರ್ಷ ಸುರಪುರದ ಒಂದು ಸಂಸ್ಥೆ ಆ ಊರಿನ ಪುನರ್ವಸತಿ ಸೇವೆಗಳಿಗೆ ಅನುದಾನ ಕೇಳಿ ಅರ್ಜಿ ಹಾಕಿತು. ಕ್ಷೇತ್ರ ಕಾರ್ಯಕರ್ತೆ ಎಂಬ ಅಂಕಣದಲ್ಲಿ ಅಂಬವ್ವನ ಹೆಸರಿತ್ತು. ಓದಿದ್ದು ಏಳನೇ ಇಯತ್ತೆ. ನಾನು ಆಕ್ಷೇಪಣೆ ಬರೆದೆ: ಅರ್ಹತೆ ಸಾಲದು. ಸಾಹೇಬರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದರು: 'ಊರು ಆಕೆಯದು, ಇರಲಿ.' ಆ ಕೆಂಪು ಸಾಲನ್ನು ಇವತ್ತೂ ಮುಚ್ಚಿದ ಕಣ್ಣಲ್ಲಿ ಓದಬಲ್ಲೆ.

ಆಮೇಲೆ ಪ್ರತಿ ಭೇಟಿಯೂ ನನಗೆ ಶಿಕ್ಷೆ. ನಾನು ಜೀಪಿನಿಂದ ಇಳಿದ ಕೂಡಲೇ ಯಾರೋ ಓಡಿ ಹೋಗಿ ಕೆಂಪು ಪ್ಲಾಸ್ಟಿಕ್ ಕುರ್ಚಿ ತರುತ್ತಿದ್ದರು, ಒರೆಸಿ ಹಾಕುತ್ತಿದ್ದರು. "ಕೂಡ್ರಿ ಮೇಡಮ್ಮೋರ" ಎಂದು ನಾಲ್ಕು ಮಾರು ದೂರ ನಿಲ್ಲುತ್ತಿದ್ದರು. ಅಂಬವ್ವ ಬಂದರೆ ಯಾರೂ ಏಳುತ್ತಿರಲಿಲ್ಲ. ಕೂತಲ್ಲೇ ಸರಿದು ಜಾಗ ಮಾಡುತ್ತಿದ್ದರು. ತಮ್ಮ ತಾಟಿನ ರೊಟ್ಟಿ ಮುರಿದು ಮೀನಿನ ಸಾರಿನಲ್ಲಿ ಅದ್ದಿ ಅವಳ ಕೈಗೆ ಕೊಡುತ್ತಿದ್ದರು. ನಾನು ಮೀನು ತಿನ್ನುವವಳಲ್ಲ, ಕೊರಳಲ್ಲಿ ಲಿಂಗ ಇದೆ. ಯಾರಾದರೂ ಕೊಟ್ಟಿದ್ದರೂ ಎದ್ದು ಹೋಗುತ್ತಿದ್ದೆ. ಆದರೂ ನನಗೆ ಯಾರೂ ಕೊಡುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಇದಕ್ಕೆ ಏನು ಹೇಳುತ್ತೀರಿ? ಹೊಟ್ಟೆಕಿಚ್ಚಿಗೆ ಆಚಾರ ವಿಚಾರ ಏನೂ ಇಲ್ಲ.

ಕಚೇರಿಯಲ್ಲೂ ಅದೇ ಪಾಡು. "ಈ ಊರಿನ ಮಂದಿ ಮಳಿಗಿಂತ ಮದಲು ಸಾಮಾನು ಸಾಗಿಸ್ತಾರೇನು?" ಎಂದು ಸಾಹೇಬರು ಕೇಳಿದಾಗ ನಾನು ಫೈಲು ಬಿಚ್ಚುವಷ್ಟರಲ್ಲಿ, "ಇರ್ಲಿ ಬಿಡ್ರಿ, ಅಂಬವ್ವನ ಕೇಳೂಣು" ಎನ್ನುತ್ತಿದ್ದರು. ಸಾಹೇಬರು ಕೆಟ್ಟವರಲ್ಲ. ಮೂವತ್ತು ವರ್ಷದಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಸಹಿ ಮಾಡುವ ಮೊದಲು ಓದುತ್ತಿದ್ದ ಇಬ್ಬರಲ್ಲಿ ಅವರೊಬ್ಬರು. ಅಂಥವರ ಬಾಯಲ್ಲೇ ಅವಳ ಹೆಸರು ಬರುತ್ತಿತ್ತು ಎನ್ನುವುದೇ ನನ್ನ ಸಂಕಟ.

ಎರಡು ವರ್ಷಕ್ಕೆ ಹೊಳೆಯಿಂದ ಎರಡು ಮೈಲಿ ದೂರದ ಗುಡ್ಡದ ಬಯಲಲ್ಲಿ ಐವತ್ತನಾಲ್ಕು ಮನೆ ಎದ್ದವು. ಯಾರಿಗೆ ಯಾವ ಮನೆ ಎಂಬ ಪಟ್ಟಿ ನನ್ನಿಂದ ಹೋಗಬೇಕಿತ್ತು. ಒಂದು ಮಧ್ಯಾಹ್ನ ಅಂಬವ್ವ ಕಚೇರಿಗೆ ಬಂದಳು. ಹೆಗಲಲ್ಲಿ ಅದೇ ನೀಲಿ ಬ್ಯಾಗು, ಎಮ್ಮೆಯ ಹೆಸರಿನದು. ಅದರಿಂದ ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆಗಳನ್ನು ತೆಗೆದು ನನ್ನ ಟೇಬಲ್ ಮೇಲೆ ಹಾಸಿದಳು. ಹಾಳೆಯ ಹಿಂಬದಿಯಲ್ಲಿ ಒಂದೊಂದು ದೊಡ್ಡ ವೃತ್ತ. ವೃತ್ತದ ಸುತ್ತ ದಪ್ಪ ದಪ್ಪ ಅಕ್ಷರದಲ್ಲಿ ನಾಲ್ಕೋ ಐದೋ ಹೆಸರು, ಪ್ರತಿ ಹೆಸರಿನ ಪಕ್ಕ ಒಂದು ಹೆಬ್ಬೆಟ್ಟು. ಇಂಥ ಹನ್ನೊಂದು ವೃತ್ತ.

"ಏನಿದು?" ಎಂದೆ.

"ಹರಗೋಲ್ರಿ ಮೇಡಮ್ಮೋರ. ನಮ್ಮೂರಾಗ ಹನ್ನೊಂದು ಹರಗೋಲ ಅವ. ಒಂದ್ ಹರಗೋಲಿಗಿ ಐದ್ ಮನಿ, ಒಂದಕ್ಕ ನಾಕು. ಡಾಂಬರ ಹಚ್ಚೂದು ಕೂಡಿ, ಬಲಿ ಬೀಸೂದು ಕೂಡಿ, ಬಂದ ಮೀನು ಹಂಚ್ಕೊಳ್ಳೂದು ಕೂಡಿ. ಗಂಡಸು ಸತ್ರೂ ಅವನ ಜಾಗದ ಪಾಲು ಹೆಣತಿಗಿ ಮುಟ್ಟತದ. ನನಗೂ ಹಂಗಽ ಮುಟ್ಟತದ, ಈರವ್ವಗೂ ಮುಟ್ಟತದ. ಒಂದ್ ಹರಗೋಲಿನವರು ಇನ್ನೊಂದ್ ಹರಗೋಲು ಕೇಳದಽ ಮುಟ್ಟೂದಿಲ್ಲ. ಒಂದ್ ಹರಗೋಲಿನವ್ರಿಗಿ ಒಂದ್ ಸಾಲು ಕೊಟ್ಟುಬಿಡ್ರಿ. ಸಾಲಿನ ಮುಂದ ಹರಗೋಲು ಬೋರಲ ಹಾಕ್ತಾರ. ಮಂದಿ ಕುಂತ ಬಿಡ್ತಾರ, ಮತ್ತ ಹೊಳಿ ದಂಡಿಗಿ ಹೊಳ್ಳಿ ನೋಡೂದಿಲ್ಲ."

"ಈ ಹೆಬ್ಬೆಟ್ಟು?"

"ಒಪ್ಪಿಗಿದ್ರಿ. ಎಡ್ಡು ತಿಂಗಳು ಹೈರಾಣಾದೆ. ಒಬ್ಬೊಬ್ರಿಗಿ ಒಂದೊಂದ್ ಜಗಳ. ಕಾಲು ಹಿಡ್ದು ಒತ್ತಿಸೇನಿ."

ಹೋದ ತಿಂಗಳು ಮನೆಗೆ ಬಂದಿದ್ದ ಆ ಹುಡುಗಿಗೆ, ಇದನ್ನು ಓದುವ ಉಳಿದ ಹೊಸಬರಿಗೆ ಹೇಳಬೇಕಾದ್ದು ಇಷ್ಟು. ಆ ಪಟ್ಟಿ ನನಗೆ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ನೋಡಿದ ಕ್ಷಣದಲ್ಲೇ ಅರ್ಥವಾಯಿತು. ಇದೇ ಸರಿ, ಇದಕ್ಕಿಂತ ಸರಿಯಾದ ಪಟ್ಟಿ ಇಲ್ಲ ಎಂದು ಗೊತ್ತಾಯಿತು. ಎರಡು ವರ್ಷ ಆ ಊರಿಗೆ ಓಡಾಡಿದರೂ ನನ್ನ ಕಣ್ಣಿಗೆ ಬೀಳದ್ದನ್ನು ಏಳನೇ ಇಯತ್ತೆಯವಳು ಕ್ಯಾಲೆಂಡರಿನ ಹಿಂದೆ ಬರೆದು ತಂದಿದ್ದಳು.

"ಆತು, ಇಟ್ಟು ಹೋಗು. ನಿಯಮದಾಗ ಬರ್ತದೇನು ನೋಡ್ತೀನಿ" ಎಂದೆ.

ಅವಳು ಹೊರಗೆ ಹೋದ ಕೂಡಲೇ ಹಾಳೆಗಳನ್ನು ಮಡಚಿ ಕೆಳಗಿನ ಡ್ರಾಯರಿನಲ್ಲಿ ಹಾಕಿ ಕೀಲಿ ತಿರುಗಿಸಿದೆ. ತಲೆ ಎತ್ತಿದರೆ ಅಂಬವ್ವ ಕಿಟಕಿಯ ಆಚೆ ನಿಂತಿದ್ದಳು. "ಬ್ಯಾಗ ಮರತಿದ್ದೆ ನೋಡ್ರಿ" ಎಂದಳು. ಟೇಬಲ್ ಮೇಲೆ ಉಳಿದಿದ್ದ ನೀಲಿ ಬ್ಯಾಗನ್ನು ಎತ್ತಿ ಕೊಟ್ಟೆ, ಹೋದಳು.

ನಿಯಮದಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಆದೇಶದಲ್ಲಿ ಇದ್ದದ್ದು 'ಅರ್ಹ ಕುಟುಂಬಗಳ ಪಟ್ಟಿ' ಎಂದಷ್ಟೆ. ನಾನು ರೇಷನ್ ಕಾರ್ಡಿನ ನಂಬರಿನ ಪ್ರಕಾರ ಹೊಸ ಪಟ್ಟಿ ಮಾಡಿದೆ. ಒಂದನೇ ನಂಬರಿಗೆ ಒಂದನೇ ಮನೆ, ಎರಡಕ್ಕೆ ಎರಡು. ಅಷ್ಟು ಅಂದದ ಪಟ್ಟಿಯನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ಸಾಹೇಬರು, "ಅಂಬವ್ವ ಏನೋ ಪಟ್ಟಿ ತರ್ತೀನಂದಿದ್ಲಲ್ಲ?" ಎಂದರು. "ತಂದಿಲ್ರಿ ಸರ್" ಎಂದೆ. ಒಂದು ವಾರ ಬಿಟ್ಟು ಅಂಬವ್ವ ಬಂದು ಕೇಳಿದಾಗ, "ಫೈಲಿನ್ಯಾಗ ಎಲ್ಲೋ ಕಳದದ. ಈಗ ಆದೇಶ ಆಗಿಬಿಟ್ಟದ, ಏನೂ ಮಾಡಾಕ ಬರೂದಿಲ್ಲ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೋದಳು.

ಕೀಲಿ ಕೊಡುವ ದಿನ ಎಲ್ಲರೂ ಹೊಸ ಮನೆಗೆ ಬಂದರು. ಹಾಲು ಉಕ್ಕಿಸಿದರು, ಫೋಟೊ ತೆಗೆಸಿಕೊಂಡರು. ಒಂದು ತಿಂಗಳು ಚೆನ್ನಾಗಿಯೇ ನಡೆಯಿತು. ಮೊದಲು ಕೀಲಿ ಹಾಕಿ ಹಳೆಯ ಊರಿಗೆ ಹೋದವಳು ಈರವ್ವ, ಎಪ್ಪತ್ತರ ವಿಧವೆ. ಅವಳ ಹರಗೋಲಿನ ಉಳಿದ ನಾಲ್ಕು ಮನೆ ಊರಿನ ನಾಲ್ಕು ಮೂಲೆಯಲ್ಲಿದ್ದವು. ಅವಳ ಪಾಲಿನ ಮೀನು ಮೊದಲು ಬಿಸಿಲೇರಿದ ಮೇಲೆ ಬರತೊಡಗಿತು, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ನಿಂತಿತು. ಪಕ್ಕದ ಮನೆಯವರು ಬೇರೆ ಹರಗೋಲಿನವರು, ಅವರದನ್ನು ಅವಳು ಕೇಳುವ ಹಾಗಿಲ್ಲ. ಅವಳ ಹಿಂದೆ ಇನ್ನೊಂದು ಮನೆ, ಇನ್ನೊಂದು ಮನೆ. ಡಾಂಬರು ಹಚ್ಚುವ ಸರದಿ ತಪ್ಪಿತು, ಬೈದಾಟವಾಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ ಬಿತ್ತು. ಜನ ಮತ್ತೆ ಹೊಳೆದಂಡೆಯ ಹಳೆಯ ಮಣ್ಣಿನ ಗೋಡೆಗಳ ನಡುವೆ ತಗಡು ಹೊದಿಸಿಕೊಂಡು ಕೂತರು. ಅತ್ತೆ ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದಾಗ ಅಂಬವ್ವನೂ ಹೋಗಬೇಕಾಯಿತು, ಗಂಗಿಯನ್ನು ಹೊಡೆದುಕೊಂಡು.

ಎರಡನೇ ಕಂತು ಬಿಡಬೇಕಾದರೆ ಜನ ಹೊಸ ಮನೆಯಲ್ಲಿ ವಾಸವಿದ್ದಾರೆ ಎಂಬ ವರದಿ ಬೇಕು. ಪರಿಶೀಲನೆಗೆ ಹೋದೆ. ಬೀಗಗಳ ಸಾಲು ನೋಡಿದೆ. ನನ್ನ ಪಟ್ಟಿಯಿಂದ ಆದದ್ದು ಎಂದು ಒಳಗೆ ಗೊತ್ತಿತ್ತು; ಗೊತ್ತಿದ್ದದ್ದಕ್ಕೇ ಕೈ ಇನ್ನೂ ಜೋರಾಗಿ ಓಡಿತು. 'ಸಂಸ್ಥೆಯ ಕ್ಷೇತ್ರ ಕಾರ್ಯಕರ್ತೆ ಫಲಾನುಭವಿಗಳ ಮನವೊಲಿಸುವಲ್ಲಿ ವಿಫಲರಾಗಿರುತ್ತಾರೆ. ಸ್ವತಃ ಅವರೇ ಹಳೆಯ ಗ್ರಾಮದಲ್ಲಿ ವಾಸವಿರುವುದು ಕಂಡುಬಂದಿದೆ.' ಒಂದು ಅಕ್ಷರವೂ ಸುಳ್ಳಲ್ಲ. ಸುಳ್ಳು ಬರೆಯದೆ ಹೇಗೆ ಸುಳ್ಳಾಡಬಹುದು ಎನ್ನುವುದನ್ನು ಈ ಕೆಲಸ ಬಲು ಚೆನ್ನಾಗಿ ಕಲಿಸುತ್ತದೆ. ಕಂತು ನಿಂತಿತು. ಮಕ್ಕಳನ್ನು ಶಾಲೆಗೆ ಒಯ್ಯುತ್ತಿದ್ದ ಗಾಡಿ ನಿಂತಿತು. ಸಂಸ್ಥೆಯವರು ಅಂಬವ್ವನನ್ನು ಕೆಲಸದಿಂದ ಬಿಡಿಸಿದರು. ಊರವರೂ ಅವಳನ್ನೇ ಬೈದರು: ನಿನ್ನ ಮಾತು ಕೇಳಿ ಹೆಬ್ಬೆಟ್ಟು ಒತ್ತಿದೆವು, ಏನಾಯಿತು? ನನಗೆ ಅವತ್ತು ಎಷ್ಟು ಹಗುರಾಯಿತೆಂದರೆ ಕಚೇರಿಯಿಂದ ಬರುವಾಗ ಒಂದು ಕಿಲೋ ಜಿಲೇಬಿ ತಂದೆ.

ಆ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯ ಗೇಟು ತೆಗೆದರು. ಡಂಗುರ ಸಾರಿಸಿದ್ದೆವು, ಫೋನು ಮಾಡಿದ್ದೆವು, ಜನ 'ನಾಳಿ ಹೋಗ್ತೀವಿ' ಎನ್ನುತ್ತ ಕೂತಿದ್ದರು. ಬೆಳಿಗ್ಗೆ ಎಂಟಕ್ಕೆ ನಾನು, ಸಾಹೇಬರು ಜೀಪಿನಲ್ಲಿ ಮುಟ್ಟಿದಾಗ ಹಳೆಯ ಊರಿನ ಸುತ್ತ ನೀರು ತಿರುಗಿತ್ತು. ಇಪ್ಪತ್ತಾರು ಮನೆಯ ಜನ ಹಳೆಯ ಶಾಲೆಯ ಮಾಳಿಗೆ ಮೇಲೆ. ಯಾದಗಿರಿಯಿಂದ ಬೋಟು ಹೊರಟಿತ್ತು, ಇನ್ನೂ ದಾರಿಯಲ್ಲಿತ್ತು. "ಹರಗೋಲ ಎಲ್ಲಿ ಅವ್ರೀ? ಊರ್ ತುಂಬ ಹರಗೋಲಿದ್ವಲ್ಲ!" ಎಂದು ಸಾಹೇಬರು ಕೂಗಿದರು.

ಹರಗೋಲುಗಳು ಎರಡು ಮೈಲಿ ದೂರದ ಹೊಸ ಊರಿನಲ್ಲಿದ್ದವು. ಮಳೆಗಾಲದಲ್ಲಿ ದಂಡೆಯ ಮೇಲೆ ಬಿಟ್ಟರೆ ಹೊಳೆ ಒಯ್ಯುತ್ತದೆಂದು ಅವುಗಳನ್ನು ಅಲ್ಲಿ ಉಳಿದವರ ಮನೆಯ ಮುಂದೆ ಬೋರಲು ಹಾಕಿದ್ದರು. ಒಂದೊಂದಕ್ಕೂ ಮಾಲೀಕರು ಐದು ಮನೆಯವರು. ಮೂವರು ಮಾಳಿಗೆಯ ಮೇಲೆ, ಇಬ್ಬರು ಹೊಸ ಊರಿನ ಬೇರೆ ಬೇರೆ ಮೂಲೆಯಲ್ಲಿ. ಒಂದು ಹರಗೋಲು ಹೊತ್ತು ತರಲು ನಾಲ್ಕು ಹೆಗಲಾದರೂ ಬೇಕು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಆ ವರ್ಷದ ಬೈದಾಟದ ಮೇಲಂತೂ ಮುಟ್ಟಿದರೆ ತಲೆ ಒಡೆಯುತ್ತಿದ್ದವು. ನಾನು ಹೊಸ ಊರಿಗೆ ಓಡಿದೆ, ನನ್ನ ಅಂದದ ಪಟ್ಟಿ ಹಿಡಿದುಕೊಂಡು. ಯಾವ ಹರಗೋಲಿಗೆ ಯಾರು ಎಂದು ಅದರಲ್ಲಿ ಎಲ್ಲಿ ಬರುತ್ತದೆ? ಬಾಗಿಲು ಬಾಗಿಲು ಬಡಿದು, "ಯಾರರ ಒಂದ್ ಹರಗೋಲ ತರ್ರಪ್ಪಾ" ಎಂದು ಕೂಗುತ್ತ ನಿಂತೆ.

ಅಷ್ಟರಲ್ಲಾಗಲೇ ಅಂಬವ್ವ ಅಲ್ಲಿದ್ದಳು. ನೀರಿನ ಸಪ್ಪಳ ಬದಲಾದದ್ದು ಕೇಳಿ ನಸುಕಿನಲ್ಲೇ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಗುಡ್ಡಕ್ಕೆ ಬಂದಿದ್ದಳಂತೆ. ಕಾಗದ ಇಲ್ಲ, ಪೆನ್ನಿಲ್ಲ. ಒಂದೊಂದು ಹರಗೋಲಿನ ಮುಂದೆ ನಿಂತು ಅದರ ಮಂದಿಯ ಹೆಸರು ಹಿಡಿದು ಕರೆದಳು. ಬಾರದವರ ಮನೆಗೆ ಹೋಗಿ ರಟ್ಟೆ ಹಿಡಿದು ಎಳೆದು ತಂದಳು. "ಕೇಳದಽ ಮುಟ್ಟಬಾರ್ದು ಹೌದು, ಅಲ್ಲಿ ಮಾಳಿಗಿ ಮ್ಯಾಲ ಕುಂತಾರಲ್ಲ, ಅವರ ಪರವಾಗಿ ನಾ ಕೇಳಾಕತ್ತೇನಿ, ನಾ ಒಪ್ಪಿಗಿ ಕೊಡಾಕತ್ತೇನಿ, ನಾಳಿ ಏನ್ ಬೈತೀರಿ ನನಗ ಬೈರಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಒಂದೇ ಸಾಲಿನಲ್ಲಿ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ. ಮೂಲೆಯಿಂದ ಮೂಲೆಗೆ ಓಡಿ ನಾಲ್ಕು ಹರಗೋಲು ಹೊರಡಿಸಲು ಮೂರು ತಾಸು ಹಿಡಿಯಿತು. ಮಾಳಿಗೆಯ ಮೇಲಿನವರೆಲ್ಲ ಜೀವಂತ ಬಂದರು. ಕೊನೆಯ ಸುತ್ತಿನಲ್ಲಿ ಈರವ್ವ ಬಂದಳು, ಮೊಣಕಾಲವರೆಗೆ ತೊಯ್ದು.

ಎಲ್ಲರೂ ಅಂಬವ್ವನನ್ನು ಮುತ್ತಿಕೊಂಡರು. ಈರವ್ವ ಅವಳ ಕೆನ್ನೆ ಹಿಡಿದು ಅತ್ತಳು. ಒಡ್ಡಿನ ಮೇಲೆ ಜೀಪಿಗೆ ಒರಗಿ ನಿಂತಿದ್ದ ನನಗೆ ಆಗಲೂ ಹೊಟ್ಟೆ ಚುರುಕ್ ಎಂದಿತು. ಅಂಥ ಹೊತ್ತಿನಲ್ಲೂ! ಆಮೇಲೆ ನೋಡಿದೆ, ಅಂಬವ್ವ ಎಲ್ಲರ ಕೈ ಬಿಡಿಸಿಕೊಂಡು ನೀರಿನ ಕಡೆ ಹೋಗುತ್ತಿದ್ದಳು. ಅವಳ ಗುಡಿಸಲು ಇದ್ದ ಕಡೆ ತಗಡಿನ ಒಂದು ತುದಿ ಮಾತ್ರ ಕಾಣುತ್ತಿತ್ತು. ಗಂಗಿಯನ್ನು ಗೂಟಕ್ಕೆ ಕಟ್ಟಿದ್ದಳು. ಅತ್ತೆಯನ್ನು ಗುಡ್ಡಕ್ಕೆ ಮುಟ್ಟಿಸಿ ಬಂದು ಬಿಚ್ಚಿದರಾಯಿತು ಎಂದುಕೊಂಡಿದ್ದಳು. ಆ ಮೂರು ತಾಸು ಅವಳು ಬೇರೆಯವರ ಹೆಸರು ಕೂಗುವುದರಲ್ಲಿ ಹೋಯಿತು. ನೀರಿನ ಅಂಚಿನಲ್ಲಿ ಕೂತು, "ಈಸಾಕ ಬರ್ತಿತ್ತು ಅದಕ್ಕ. ಬಿಟ್ಟಿದ್ರ ಈಸಿ ಬರ್ತಿತ್ತು" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದಳು.

ಮರುದಿನ ಕಚೇರಿಗೆ ಹೋಗಿ ಡ್ರಾಯರಿನ ಕೀಲಿ ತೆಗೆದೆ. ಹನ್ನೊಂದು ಹಾಳೆಯೂ ಇದ್ದವು. ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಹಿತ. ಖರೆ ಹೇಳಬೇಕೆಂದರೆ ಭಯವೇ ಹೆಚ್ಚಾಗಿತ್ತು. ವೃತ್ತದ ಪ್ರಕಾರ ಹೊಸ ಹಂಚಿಕೆ ಪಟ್ಟಿ ಮಾಡಿದೆ, ಯಾಕೆ ಹೀಗಿರಬೇಕು ಎಂದು ಆರು ಪುಟದ ಟಿಪ್ಪಣಿ ಬರೆದೆ. ಸಾಹೇಬರು ಓದಿ, "ಇದು ಯಾರಿಗಿ ಹೊಳೀತು?" ಎಂದರು. "ಕ್ಷೇತ್ರ ಭೇಟಿಯಾಗ ಕಂಡ್ಕೊಂಡದ್ರಿ ಸರ್" ಎಂದೆ. ಕ್ಷೇತ್ರ ನನ್ನದಲ್ಲ, ಭೇಟಿ ಮಾತ್ರ ನನ್ನದು.

ಊರಿನ ಸಭೆಗೆ ಸಾಹೇಬರು ಬಂದಿರಲಿಲ್ಲ; ಅಲ್ಲಿ ಮನೆ ಬದಲಿಸಲು ಯಾರೂ ಒಪ್ಪಲಿಲ್ಲ. "ಮತ್ತ ಹೆಬ್ಬೆಟ್ಟು ಒತ್ತೂದಿಲ್ರಿ, ಒಮ್ಮಿ ಒತ್ತಿ ಸಾಕಾಗ್ಯಾದ" ಎಂದರು. ನಾನು ಕ್ಯಾಲೆಂಡರ್ ಹಾಳೆಗಳನ್ನು ನೆಲದ ಮೇಲೆ ಹಾಸಿದೆ. "ಹಳೇ ಫೈಲಿನ್ಯಾಗ ಸಿಕ್ಕಾವ" ಎಂದೆ. ಜನ ಬಗ್ಗಿ ತಮ್ಮ ತಮ್ಮ ಹೆಬ್ಬೆಟ್ಟು ಗುರುತು ಹಿಡಿದರು. ಒಬ್ಬೊಬ್ಬರೇ ತಿರುಗಿ ಅಂಬವ್ವನನ್ನು ನೋಡಿದರು. ಅಂಬವ್ವ ನನ್ನನ್ನು ನೋಡಿದಳು. ಅವಳು ಒಂದು ಮಾತು ಆಡಿದ್ದರೆ ನನ್ನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಆಡಲಿಲ್ಲ. "ಹೆಬ್ಬೆಟ್ಟು ನಿಮ್ಮವಽ ಅವ ಅಲ್ಲೇನು? ಮತ್ತೇನ್ ನೋಡ್ತೀರಿ, ಸಾಮಾನು ಎತ್ರಿ" ಎಂದಳು ಜನಕ್ಕೆ.

ದೀಪಾವಳಿಯೊಳಗೆ ಐವತ್ತನಾಲ್ಕು ಮನೆಯೂ ತುಂಬಿದವು. ಕಂತು ಬಿಡುಗಡೆಯಾಯಿತು, ಅಂಬವ್ವನನ್ನು ಸಂಸ್ಥೆಯವರು ಮತ್ತೆ ಕರೆದುಕೊಂಡರು. ಯಾದಗಿರಿಯ ಸಮಾರಂಭದಲ್ಲಿ ನನಗೆ ಶಾಲು ಹೊದಿಸಿ ಪ್ರಶಂಸಾ ಪತ್ರ ಕೊಟ್ಟರು, 'ಹರಗೋಲು ಮಾದರಿಯ ಹಂಚಿಕೆಗಾಗಿ' ಎಂದು. ಶಾಲಿನ ಬಣ್ಣ ಹಸಿರು. ಅದು ಟ್ರಂಕಿನಲ್ಲಿದೆ, ಒಂದು ಸಲವೂ ಹೊದ್ದಿಲ್ಲ.

ಈಗ ಪದ್ಧತಿ ಎಲ್ಲ ಬದಲಾಗಿದೆ. ಮೊಬೈಲಿನಲ್ಲಿ ಮನೆಯ ಫೋಟೊ ಹೊಡೆದರೆ ಯಾವ ಜಾಗ, ಯಾವ ಹೊತ್ತು, ಎಲ್ಲ ತಾನೇ ಬೀಳುತ್ತದೆ. ಒಳ್ಳೆಯದೇ, ನನ್ನಂಥವರು ಹಾಳೆ ಬಚ್ಚಿಡಲಾರರು. ಆದರೆ ಪಕ್ಕದ ಮನೆಯವರು ಯಾರು, ಮೀನು ಯಾರ ಬಾಗಿಲಿಗೆ ಮೊದಲು ಹೋಗುತ್ತದೆ ಎನ್ನುವುದನ್ನು ಆ ಫೋಟೊ ತೋರಿಸುವುದಿಲ್ಲ. ಅದನ್ನು ಬಲ್ಲವರು ಯಾವಾಗಲೂ ಕಚೇರಿಯ ಹೊರಗಿನವರು. ಅವರು ನಿಮ್ಮ ಟೇಬಲ್ ಮುಂದೆ ನಿಂತಾಗ ನಿಮ್ಮ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡಿಕೊಳ್ಳಿ.

ಆ ಹುಡುಗಿ ಬಂದು ಹೋದ ಮರುವಾರ ನಾನು ಸುರಪುರದಲ್ಲಿ ಬಸ್ಸು ಬದಲಿಸಿ, ಕಕ್ಕೇರಾದಿಂದ ಟಂಟಂ ಆಟೊ ಹಿಡಿದು ಆ ಊರಿಗೆ ಹೋದೆ. ಬೇಸಿಗೆ. ಒಂದು ಸಾಲಿನ ಮುಂದೆ ಹರಗೋಲು ಬೋರಲು ಹಾಕಿ ಡಾಂಬರು ಹಚ್ಚುತ್ತಿದ್ದರು. ಸುತ್ತ ನೆಲದ ಮೇಲೆ ನಾಲ್ಕೈದು ಮಂದಿ, ನಡುವೆ ಅಂಬವ್ವ. ತಲೆ ಅರ್ಧ ಬೆಳ್ಳಗಾಗಿದೆ. ಕೋಲಿಗೆ ಅರಿವೆ ಸುತ್ತಿಕೊಂಡು ಡಾಂಬರು ಬಳಿಯುತ್ತಿದ್ದಳು. ನನ್ನನ್ನು ನೋಡಿ, "ಅಯ್ಯ, ಮೇಡಮ್ಮೋರು ಬಂದಾರ, ಕುರ್ಚಿ ತರ್ರಿ!" ಎಂದಳು. ಕುರ್ಚಿ ಬಂತು. ಕೂತೆ.

ಉಳಿದವರು ಊಟಕ್ಕೆ ಎದ್ದು ಹೋದ ಮೇಲೆ ಹೇಳಿದೆ. "ಅಂಬವ್ವ, ಆ ಪಟ್ಟಿ ಕಳದಿದ್ದಿಲ್ಲ. ನನ್ನ ಡ್ರಾದಾಗಽ ಇತ್ತು. ಬೇಕಂತ ಇಟ್ಟಿದ್ದೆ. ನಿನ್ನ ಮ್ಯಾಲ ಹೊಟ್ಟಿಕಿಚ್ಚಿಗಿ."

ಅವಳ ಕೈ ನಿಲ್ಲಲಿಲ್ಲ. "ಗೊತ್ತಿತ್ರಿ."

"ಗೊತ್ತಿತ್ತು? ಹ್ಯಾಂಗ?"

"ಕೀಲಿ ಹಾಕಿದ್ದು ಕಿಡಕಿಯಾಗಿಂದ ನೋಡಿದ್ನಲ್ಲ. ಬ್ಯಾಗಿಗಿ ಬಂದಿದ್ದೆ."

"ಮತ್ತ ಸಾಹೇಬ್ರಿಗಿ ಹೇಳಬೇಕಿಲ್ಲೇನು ತಂಗಿ! ನಿನ್ನ ಕೆಲಸ ಹೋದಾಗಾದ್ರೂ ಬಾಯಿ ಬಿಡಬೇಕಿಲ್ಲೇನು!"

"ಹೇಳಿದ್ರ ನೀವು ಇಲ್ಲಂತಿದ್ರಿ" ಎಂದಳು. "ಇಲ್ಲಂದ ಮ್ಯಾಲ ಅದನ್ನ ಇಟ್ಕೊಳ್ಳಾಕ ಬರ್ತಿತ್ತೇನ್ರಿ? ಹರದು ಒಲಿಗಿ ಹಾಕ್ತಿದ್ರಿ. ಐವತ್ನಾಕು ಹೆಬ್ಬೆಟ್ಟು ಮತ್ತ ಎಲ್ಲಿಂದ ತರ್ಲಿ ನಾನು? ಸುಮ್ಮ ಇದ್ರ ಡ್ರಾದಾಗರ ಇರ್ತಾವ ಅಂತ ಸುಮ್ಮಿದ್ದೆ."

ನಾನು ಬಚ್ಚಿಟ್ಟೆ ಎಂದುಕೊಂಡಿದ್ದೆ. ಅವಳು ನನ್ನ ಹತ್ತಿರ ಜೋಪಾನವಾಗಿ ಇಟ್ಟಿದ್ದಳು. ಇದರಲ್ಲೂ ಅವಳೇ ಮೇಲಾದಳಲ್ಲ ಎಂದು, ದೇವರಾಣೆ, ಆ ಗಳಿಗೆಯಲ್ಲೂ ಹೊಟ್ಟೆ ಉರಿಯಿತು.

ಅಂಬವ್ವ ಕೋಲನ್ನು ಡಬ್ಬಿಯಲ್ಲಿ ಅದ್ದಿದಳು. "ಪಟ್ಟಿದು ನನಗ ಸಿಟ್ಟಿಲ್ರಿ. ಆದ್ರ ಎಮ್ಮಿ ಹೋತು ನೋಡ್ರಿ, ಅದನ್ನ ನಾ ಮರ್ತಿಲ್ಲ. ಮರಿಯೂದೂ ಇಲ್ಲ. ನೀವು ಇಷ್ಟು ದೂರ ಬಂದ್ ಹೇಳಿದ್ರಿ, ಅದಕ್ಕ ನಾನೂ ಹೇಳಿದೆ."

ನಾನು ಎದ್ದೆ. ಅವಳ ಹತ್ತಿರ ಹೋಗಿ ನೆಲದ ಮೇಲೆ ಕೂಡಬೇಕು ಅನ್ನಿಸಿತು. ಅಂದು ಎಲ್ಲರೂ ಸರಿದು ಅವಳಿಗೆ ಜಾಗ ಮಾಡುತ್ತಿದ್ದರಲ್ಲ, ಹಾಗೆ ಅವಳು ಒಂದಿಷ್ಟು ಸರಿದರೆ ಸಾಕಿತ್ತು. ಅಷ್ಟರಲ್ಲಿ ಊಟ ಮುಗಿಸಿ ಬಂದವರ ಕಡೆ ತಿರುಗಿ ಅಂಬವ್ವ ಹೇಳಿದಳು, "ಮೇಡಮ್ಮೋರಿಗಿ ಬಿಸಿಲು ಹತ್ತೇದ, ಕುರ್ಚಿ ಜರಾ ಆ ನೆಳ್ಳಾಗ ಹಾಕ್ರಿ."

ಅವರು ಕುರ್ಚಿಯನ್ನು ಎತ್ತಿ, ಒರೆಸಿ, ದೂರದ ಬೇವಿನ ನೆರಳಿನಲ್ಲಿ ಇಟ್ಟರು. ನಾನು ಹೋಗಿ ಅದರ ಮೇಲೆ ಕೂತೆ.